ಇನ್ನೊಂದು ತೊಟ್ಟು

ಕಾಲೇಜಿನ ಲ್ಯಾಬಿನಲ್ಲಿ ಅಕ್ಕ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯುವುದಕ್ಕೂ ಬಾಗಿಲಲ್ಲಿ ತಮ್ಮ ಪ್ರತ್ಯಕ್ಷನಾಗುವುದಕ್ಕೂ ಸರಿಹೋಯಿತು. ಕುಡಿತ ಬಿಡಿಸುವ ಕೇಂದ್ರದಿಂದ ನೇರ ಬಂದಿದ್ದ. ಕೈಯಲ್ಲಿ ಅದೇ ಹಳೇ ಚೀಲ. ಅವಳು ಬಾಟಲಿಯನ್ನು ಮೇಜಿನ ಆಚೆ ತುದಿಗೆ ಸರಿಸಿದಳು.

“ಅದನ್ನೂ ಕುಡೀತೀನಿ ಅಂದ್ಕೊಂಡ್ಯಾ?”

“ಹೋದ ಸಲ ಅಲ್ಲಿಂದ ಬಿಟ್ಟ ತಕ್ಷಣ ಎಲ್ಲಿಗೆ ಹೋಗಿದ್ದೆ, ಹೇಳು.”

ಅವನು ತಲೆ ಕೆರೆದುಕೊಂಡ. “ಮನೆ ಕೀಲಿ ಕೊಡಕ್ಕಾ. ಈ ಸಲ ನಿಜವಾಗ್ಲೂ ಬಿಟ್ಟಿದ್ದೀನಿ.”

ಈ ಮಾತನ್ನು ಅವಳು ಕಿವಿ ತೂತು ಬೀಳುವಷ್ಟು ಸಲ ಕೇಳಿದ್ದಳು. ಮಾವ ಒಳಗೆ ಬಂದರೆ ನಾನು ಹೊರಗೆ ಎಂದು ಮಗಳು ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಕೊಡಲು ಕೈ ಬರಲಿಲ್ಲ. ಸಾಕಾಗಿ ಹೋಗಿತ್ತು ಅವಳಿಗೆ. ನಾಳೆಯ ಪ್ರಾಕ್ಟಿಕಲ್‌ಗೆ ಸ್ಲೈಡು ಬೇರೆ ಸಿದ್ಧಮಾಡಬೇಕಿತ್ತು.

“ಅಲ್ಲಿ ನಿಂತು ಕೊರೆಯೋ ಬದಲು ಬಂದು ಇದನ್ನ ನೋಡು. ನಿನ್ನದೇ ಕಥೆ.”

ಅವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ನೀರಿನ ಹನಿಯಲ್ಲಿ ಒಂದೇ ಒಂದು ಪ್ಯಾರಮೀಸಿಯಂ. ಮೈಯೆಲ್ಲ ಸೇರಿ ಒಂದೇ ಕೋಶದ ಆ ಜೀವ, ಅದರ ಓಟ ತಡೆಯಲು ಹಾಕಿದ್ದ ಹತ್ತಿಯ ಎಳೆಗಳ ನಡುವೆ ಸರಸರ ಓಡಾಡುತ್ತಿತ್ತು. ಅಕ್ಕ ಹನಿಯ ಮೇಲೆ ಮುಚ್ಚಿದ್ದ ತೆಳು ಗಾಜಿನ ಅಂಚಿಗೆ ಒಂದು ತೊಟ್ಟು ಸ್ಪಿರಿಟ್ ಬಿಟ್ಟಳು.

“ಅಯ್ಯೋ, ನಿಂತಲ್ಲೇ ಗಿರಗಿರ ತಿರುಗ್ತಿದೆ ಕಣಕ್ಕಾ... ಬಿದ್ದೇ ಹೋಯ್ತು!” ಅವನು ಕಣ್ಣು ತೆಗೆಯದೆಯೇ ಕೂಗಿದ. “ನೀರು ಹಾಕು ಬೇಗ. ತೊಳಿ ಅದನ್ನ!”

ಅವಳು ಆಚೆ ಅಂಚಿಗೆ ಬ್ಲಾಟಿಂಗ್ ಪೇಪರ್ ಹಿಡಿದು ಸ್ಪಿರಿಟ್ ಹೀರಿಸುತ್ತಾ ಈಚೆಯಿಂದ ನೀರು ಬಿಟ್ಟಳು.

“ಎದ್ತು! ಅಕ್ಕಾ, ಎದ್ಬಿಡ್ತು! ಹೆಂಗೆ ಓಡ್ತಿದೆ ನೋಡು!” ಅವನ ಕಣ್ಣಲ್ಲಿ ನೀರು ಧಾರಾಕಾರ.

ಅಕ್ಕ ಕೈಯಲ್ಲಿದ್ದ ಡ್ರಾಪರ್ ನೋಡಿಕೊಂಡಳು. ದಣಿವಿನಲ್ಲಿ ಶುದ್ಧ ನೀರಿನ ಬದಲು ಪ್ಯಾರಮೀಸಿಯಂ ಸಾಕಿದ ಜಾಡಿಗೇ ಅದನ್ನು ಅದ್ದಿಬಿಟ್ಟಿದ್ದಳು. ಈಗ ಓಡುತ್ತಿದ್ದದ್ದು ಆ ನೀರಿನ ಜೊತೆ ಬಂದ ಬೇರೆಯದಿರಬೇಕು.

ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿ ಮಾತು ಬದಲಿಸಿದಳು. “ಹೂಂ, ಎದ್ತು” ಎಂದು ಕೀಲಿಯನ್ನು ಅವನ ಕೈಗಿಟ್ಟಳು.

ಅವನು ಮೆಟ್ಟಿಲಿಳಿದು ಹೋದ ಮೇಲೆ ತಾನೇ ಕಣ್ಣಿಟ್ಟು ನೋಡಿದಳು. ಮೊದಲಿನದು ಹತ್ತಿಯ ಎಳೆಗೆ ಒರಗಿ ಹಾಗೇ ಬಿದ್ದಿತ್ತು. ಅಕ್ಕ ಡ್ರಾಪರ್ ತೊಳೆದು, ಶುದ್ಧ ನೀರು ತುಂಬಿಕೊಂಡು, ಅಂಚಿಗೆ ಇನ್ನೊಂದು ತೊಟ್ಟು ಬಿಟ್ಟು ಕಾಯುತ್ತಾ ಕೂತಳು.