ಮನೆ ಹೊತ್ತವನಿಗೆ ಹಾಸಿಗೆ

ಆಮೆಯನ್ನು ಎಲ್ಲಿ ಮಲಗಿಸಬೇಕು ಎಂಬ ಚರ್ಚೆಯಲ್ಲಿ ಬೆಳಗಿನ ಚಹಾ ಆರಿಹೋಯಿತು. ಹಿಂದಿನ ದಿನ ಕಮ್‌ಶಾಟ್‌ಳ ತಮ್ಮ ಅದನ್ನು ತಮ್ಮೂರಿನ ಹುಲ್ಲುಗಾವಲಿನಿಂದ ಹಿಡಿದು ತಂದು ಅಕ್ಕನ ಕೈಗಿತ್ತು ಹೋಗಿದ್ದ. ಅತ್ತೆ ಶಾರ್ಬಾನು ಅದಕ್ಕೆ ಅತಿಥಿಗಳು ಕೂರುವ ಜಾಗದಲ್ಲೇ ರೇಷ್ಮೆಯ ಕೌದಿ ಹಾಸಿದ್ದಳು. ಎದುರಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಒಳಗೆಳೆದುಕೊಂಡ ತಲೆಯನ್ನು ಆಮೆ ಇನ್ನೂ ಹೊರಗೆ ಹಾಕಿರಲಿಲ್ಲ.

“ಸಂಜೆಯೊಳಗೆ ಬಾಯಿ ಬಿಚ್ಚಲಿಲ್ಲ ಅಂದ್ರೆ ನಿನ್ನ ತಮ್ಮನ್ನ ಕರೆಸಿ ವಾಪಸ್ ಕಳಿಸ್ತೀನಿ,” ಎಂದಳು ಶಾರ್ಬಾನು. “ನನ್ನ ಮನೇಲಿ ಒಂದು ಜೀವ ಹಸ್ಕೊಂಡು ಸತ್ತಿತು ಅಂತ ಬೀದಿಯವರೆಲ್ಲ ಆಡ್ಕೋಬೇಕಾ?”

ಮದುವೆಯಾಗಿ ಬಂದ ಮೇಲೆ ತವರಿನ ಕಡೆಯಿಂದ ಕಮ್‌ಶಾಟ್‌ಳ ಬಳಿ ಉಳಿಯಲು ಬಂದ ಜೀವ ಅದೊಂದೇ. ಅದರ ಉಗುರಿನ ಸಂದಿಯಲ್ಲಿ ಅವಳ ಊರಿನ ಕೆಂಪು ಮಣ್ಣು ಇನ್ನೂ ಇತ್ತು. ಅದಕ್ಕೆ ಏನು ಬೇಕೆಂದು ಅವಳಿಗೆ ಗೊತ್ತಿತ್ತು, ಹೇಳುವುದೇ ಕಷ್ಟ. ಮಾವನ ಹೆಸರು ತಾಸ್‌ಬೊಲಾಟ್. ನಮ್ಮ ಕಜಕ್ ಮಾತಿನಲ್ಲಿ ತಾಸ್ ಎಂದರೆ ಕಲ್ಲು, ತಾಸ್‌ಬಾಕಾ ಎಂದರೆ ಆಮೆ. ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ, ಆ ಹೆಸರಿನ ಚೂರು ಇರುವ ಮಾತನ್ನೂ ಆಡುವಂತಿಲ್ಲ. ರಷ್ಯನ್ನಿನಲ್ಲಿ ಹೇಳಿ ನುಣುಚಿಕೊಳ್ಳುವುದೂ ಈ ಮನೆಯಲ್ಲಿ ನಡೆಯದು. ಶಾರ್ಬಾನುವೇ ಗಂಡನ ಹೆಸರನ್ನು ಒಂದು ದಿನವೂ ನಾಲಿಗೆಗೆ ತಂದವಳಲ್ಲ. ಮೂತ್ರಪಿಂಡದಲ್ಲಿ ಕಲ್ಲಾದಾಗ ಡಾಕ್ಟರ ಮುಂದೆ “ಒಳಗೊಂದು ಭಾರ ಕೂತಿದೆ” ಎಂದಷ್ಟೇ ಹೇಳಿ, ಮನಸ್ಸಿನ ಕಾಯಿಲೆಯ ಡಾಕ್ಟರ ಬಾಗಿಲವರೆಗೂ ಹೋಗಿ ಬಂದವಳು.

“ಅತ್ತೆ, ಈ ಮನೆ ಹೊತ್ತವನಿಗೆ ಕೌದಿ ಬೇಡ,” ಎಂದಳು ಕಮ್‌ಶಾಟ್ ಮೆಲ್ಲಗೆ. “ಒಣ ಮಣ್ಣಿಗೆ ಮರಳು ಬೆರೆಸಿ ಆಳವಾಗಿ ಹಾಕಿದ್ರೆ ಕೊರ್ಕೊಂಡು ಒಳಗೆ ಹೋಗಿ ಮಲಗ್ತಾನೆ. ಹಾಲು ರೊಟ್ಟಿನೂ ಆಗಲ್ಲ, ಹೊಟ್ಟೆ ಕೆಡುತ್ತೆ.”

“ನಮ್ಮನೆ ರೊಟ್ಟಿ ತಿಂದು ಯಾರ ಹೊಟ್ಟೆ ಕೆಟ್ಟಿದೆಯಮ್ಮ? ನಿನ್ನ ಮಾವನ್ನ ನೋಡು, ಬಾಗಿಲಲ್ಲಿ ಅಡ್ಡ ತಿರುಗಿ ಹೋಗ್ತಾರೆ.”

ಗೊಣಗುತ್ತಲೇ ಶಾರ್ಬಾನು ಸೇಬಿನ ಪೆಟ್ಟಿಗೆಯೊಂದನ್ನು ಕೊಟ್ಟಳು. ಕಮ್‌ಶಾಟ್ ಅದಕ್ಕೆ ಮಣ್ಣು ಮರಳು ತುಂಬಿದಳು. ಕಾಲುವೆಯ ಅಂಚಿನಿಂದ ಹಳದಿ ಹೂವಿನ ಕಹಿ ಸೊಪ್ಪು ಕಿತ್ತು ತಂದಳು. ಆಮೆಯನ್ನು ಅಂಗಳಕ್ಕೆ ತಂದು ಪೆಟ್ಟಿಗೆಗೆ ಇಳಿಸಿದ್ದಾಯಿತು. ಅದು ಅಲುಗಲಿಲ್ಲ.

“ಇನ್ನೂ ಒಂದು ವಸ್ತು ಬೇಕು ಅತ್ತೆ, ಬಿಸಿಲಲ್ಲಿ ಇಡೋಕೆ. ಅದರ ಮೇಲೆ ಮೈ ಕಾಯಿಸಿಕೊಂಡ್ರೇನೇ ಇವನಿಗೆ ಹಸಿವಾಗೋದು.”

“ಏನದು?”

“ಚಪ್ಪಟೆಯದು.”

“ರೊಟ್ಟಿಯಾ?”

“ಅಲ್ಲ ಅತ್ತೆ, ಗಟ್ಟಿ ಇರುತ್ತಲ್ಲ...”

ಶಾರ್ಬಾನು ಒಳಗೆ ಹೋಗಿ ಒಣಗಿಸಿದ ಮೊಸರಿನ ಉಂಡೆ ತಂದಳು. “ಇದಕ್ಕಿಂತ ಗಟ್ಟಿ ಈ ಊರಲ್ಲೇ ಇಲ್ಲ. ನನ್ನ ಮುಂದಿನ ಹಲ್ಲು ಹೋಗಿದ್ದು ಇದರಲ್ಲೇ.”

“ಇದಲ್ಲ. ಒಡೆಯೋದಿಲ್ಲ ಅದು. ನೀರಿಗೆ ಹಾಕಿದ್ರೆ ಮುಳುಗುತ್ತೆ. ಎತ್ತಿದ್ರೆ ಕೈ ನೋಯುತ್ತೆ.”

“ಅಯ್ಯೋ, ಭಾರ!” ಶಾರ್ಬಾನು ಹಣೆ ಚಚ್ಚಿಕೊಂಡಳು. “ಭಾರ ಅಂತ ಮೊದಲೇ ಹೇಳಬಾರದಾ? ಗಟ್ಟಿ ಗಟ್ಟಿ ಅಂತ ಜೀವ ತಿಂತಾಳೆ!”

ಇಬ್ಬರೂ ಒಟ್ಟಿಗೆ ನಕ್ಕರು. ಒಂದೇ ಮನೆಗೆ ಬಂದ ಇಬ್ಬರು ಸೊಸೆಯರು, ಒಂದೇ ಮಾತನ್ನು ತಪ್ಪಿಸಲು, ಬೇರೆ ಬೇರೆ ದಾರಿಗಳಲ್ಲಿ ಸುತ್ತಿ ಬರುತ್ತಿದ್ದರು. ನದಿಯ ಮರಳಿನ ಮೇಲೆ ಕೂತ ಆ ಊರಿನಲ್ಲಿ ಕಲ್ಲು ಹಾದಿಬೀದಿಯಲ್ಲಿ ಸಿಗುವುದಿಲ್ಲ. ಉಪ್ಪು ಹಾಕಿಟ್ಟ ಎಲೆಕೋಸು ಮೇಲೇಳದಂತೆ ಪೀಪಾಯಿಯಲ್ಲಿ ಹೇರಿದ್ದ ಕಲ್ಲನ್ನೇ ಶಾರ್ಬಾನು ಎತ್ತಿ ತಂದು, ತೊಳೆದು, ಪೆಟ್ಟಿಗೆಯಲ್ಲಿಟ್ಟಳು. “ಎಲೆಕೋಸು ಮೇಲೆ ತೇಲಿದ್ರೆ ನೀನೇ ಹೋಗಿ ಕೂತ್ಕೋಬೇಕು ನೋಡು.”

ಆಮೆಯನ್ನು ಕಲ್ಲಿನ ಮೇಲಿಟ್ಟು ಇಬ್ಬರೂ ಕುಕ್ಕುರುಗಾಲಿನಲ್ಲಿ ಕೂತರು. ಬಿಸಿಲು ಗೋಡೆಯಿಂದ ಇಳಿದು ಪೆಟ್ಟಿಗೆಯನ್ನು ತುಂಬಿತು. ಕಲ್ಲು ಒಣಗಿ ಬೆಳ್ಳಗಾಯಿತು. ಕಮ್‌ಶಾಟ್ ಉಸಿರು ಬಿಗಿಹಿಡಿದಿದ್ದಳು; ಅತ್ತೆಯೂ ಹಾಗೆಯೇ ಕೂತಿರುವುದು ಅವಳಿಗೆ ತಿಳಿಯಿತು. ಮೊದಲು ಮೂಗು ಕಂಡಿತು. ಆಮೇಲೆ ಸುಕ್ಕುಸುಕ್ಕು ಕುತ್ತಿಗೆ, ಆತುರವೇ ಇಲ್ಲದೆ. ಆಮೆ ಒಂದು ಹೂವನ್ನು ಪರೀಕ್ಷಿಸಿ ನೋಡಿ, ಬಾಯಿ ಹಾಕಿತು. ಅದರ ಗಲ್ಲವೆಲ್ಲ ಹಳದಿಯಾಯಿತು.

“ರೀ! ಬನ್ನಿ ಬೇಗ!” ಶಾರ್ಬಾನು ಎದ್ದೇಬಿಟ್ಟಳು. “ತಾಸ್‌ಬಾಕಾ ತಿಂತಾ ಇದೆ!”

ಅಂದ ಮೇಲೆ ಕೈ ಬಾಯಿಗೆ ಅಡ್ಡ ಬಂತು. ಒಳಗೆ ಹಾಡುತ್ತಿದ್ದ ರೇಡಿಯೋ ನಿಂತಿತು. ಅಂಗಳದಲ್ಲಿ ಆಮೆ ಸೊಪ್ಪು ಹರಿಯುವ ಸದ್ದು ಮಾತ್ರ.

ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡ ತಾಸ್‌ಬೊಲಾಟ್, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದೇ ಬಾಗಿಲಿಗೆ ಬಂದ. ಅವನು ಆಮೆಯ ಕಡೆ ನೋಡಲಿಲ್ಲ.

“ಯಾರು ಕರೆದದ್ದು ನನ್ನ?”

“ಯಾರೂ ಕರೀಲಿಲ್ಲ.”

“ನಂಗೆ ಕೇಳಿಸ್ತು.”

“ಕೇಳಿಸಿದ್ರೂ ಅರ್ಧ ಕೇಳಿಸಿರಬೇಕು,” ಎಂದಳು ಶಾರ್ಬಾನು. ಆ ವಯಸ್ಸಿನಲ್ಲೂ ಅವಳ ಕಿವಿಗಳು ಕೆಂಪಾಗಿದ್ದವು. ಕಮ್‌ಶಾಟ್ ತಲೆ ತಗ್ಗಿಸಿ, ಸರಿಯಾಗಿಯೇ ಇದ್ದ ಮರಳನ್ನು ಮತ್ತೆ ಸರಿಮಾಡತೊಡಗಿದಳು.

ತಾಸ್‌ಬೊಲಾಟ್ ಮೆಟ್ಟಿಲ ಮೇಲೆ ಕೂತ. ಕೆನ್ನೆಯ ನೊರೆ ಒಣಗುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಕೇಳಿದ: “ಸರಿ. ಇನ್ನರ್ಧ ಯಾವಾಗ?”

ಶಾರ್ಬಾನು ಇನ್ನೊಂದು ಎಲೆಯನ್ನು ಆಮೆಯ ಬಾಯಿಗೆ ಹಿಡಿದಳು.

“ನೂರು ವರ್ಷ ಬದುಕುತ್ತಂತೆ ಇದು. ಇಲ್ಲೇ ಇರುತ್ತೆ. ನಿಮಗೇನು ಅಷ್ಟು ಅವಸರ?”