ಓಪಲ್ ಅಜ್ಜಿಯ ಕುಸ್ತಿ

ಲಾರ್ಡ್ ಮಾರ್ಟಿಮರ್ ಪೀಚ್ ಹಣ್ಣಿನ ಪೈಯನ್ನು ಒಂದು ಚಮಚ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಚರ್ಚಿನ ಅಂಗಳದಲ್ಲಿ ನೆರೆದಿದ್ದವರೆಲ್ಲ ನೋಡುವಂತೆ ಹುಲ್ಲಿನ ಮೇಲೆ ಉಗುಳಿದ.

"ಥೂ! ನಮ್ಮ ಲಂಡನ್ನಲ್ಲಿ ಇದನ್ನ ಕುದುರೆಗೂ ಹಾಕಲ್ಲ. ಈ ಕೆಂಟಕಿ ಗುಡ್ಡದೋರಿಗೆ ನಾಲಿಗೆ ಅನ್ನೋದು ಇದೆಯಾ ಇಲ್ವಾ?"

ಜನ ಹೋ ಎಂದು ಕೂಗಿದರು. ಯಾರೋ ಎಸೆದ ಜೋಳದ ದಿಂಡು ಅವನ ಮಖಮಲ್ಲಿನ ನಿಲುವಂಗಿಗೆ ಬಡಿಯಿತು. "ಮಧ್ಯಾಹ್ನ ತಂಬಾಕಿನ ಗೋದಾಮಿಗೆ ಬನ್ರೋ! ನಿಮ್ಮ ವೀರ ಜೆಸ್ ಟ್ಯಾಕೆಟ್‌ನ ಮೂಳೆ ಮುರಿದು ಕೈಗೆ ಕೊಡ್ತೀನಿ" ಎಂದು ಅವನು ಮೀಸೆ ತಿರುವಿದ. ಎಲ್ಲವೂ ಅಂದುಕೊಂಡಂತೆಯೇ ನಡೆದಿತ್ತು. ಆದರೆ ಪೈ ಮಾಡಿ ತಂದಿದ್ದ ಎಂಬತ್ತು ದಾಟಿದ ಓಪಲ್ ಅಜ್ಜಿ ಮಾತ್ರ ಕೂಗಲಿಲ್ಲ. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಅವನನ್ನೊಮ್ಮೆ ನೋಡಿ, ಮುಖ ತಿರುಗಿಸಿಕೊಂಡಳು.

ಲಂಡನ್ನಿನ ಈ ಲಾರ್ಡ್ ಕೆಂಟಕಿಯ ಗಡಿಯಲ್ಲಿರುವ ಒಹಾಯೊ ನದಿಯನ್ನೇ ದಾಟಿದವನಲ್ಲ. ನಿಜವಾದ ಹೆಸರು ಡೆಲ್ಬರ್ಟ್ ಸ್ಟ್ಯಾಂಪರ್. ವಾರವೆಲ್ಲ ಪಕ್ಕದ ಜಿಲ್ಲೆಯಲ್ಲಿ ಶಾಲೆಯ ಬಸ್ಸು ಓಡಿಸುತ್ತ, ಶನಿವಾರ ಮಾತ್ರ ಕುಸ್ತಿಯಾಟದ ಕೆಟ್ಟವನಾಗುತ್ತಿದ್ದ. ಗೋದಾಮಿಗೆ ಬಂದವನೇ ನಿಲುವಂಗಿ ಕಳಚಿ, "ಅರ್ಲೀನಕ್ಕಾ, ಒಂದು ಗಳಿಗೆ ಹೋಗಿ ಆ ಅಜ್ಜಿ ಹತ್ರ ತಪ್ಪಾಯ್ತು ಅಂತ ಹೇಳಿ ಬರ್ತೀನಿ. ಅವರ ಕಣ್ಣಲ್ಲಿ ನೀರಿತ್ತು" ಅಂದ.

ರಿಂಗಿನ ಹಗ್ಗ ಬಿಗಿಯುತ್ತಿದ್ದ ಅರ್ಲೀನ್ ಪಾನಾ ಕೆಳಗಿಟ್ಟಳು. "ಹೋಗಿ ಬಾ. ಹಂಗೇ ಗೋದಾಮಿಗೂ ಬೀಗ ಹಾಕ್ಕೊಂಡು ಬಾ."

ಅವಳ ಅಪ್ಪ ಹಾಯ್ಟ್ ಈ ಗೋದಾಮಿನಲ್ಲಿ ಕುಸ್ತಿ ಶುರುಮಾಡಿದಾಗ ಅರ್ಲೀನ್ ತೊಟ್ಟಿಲಲ್ಲಿದ್ದಳು. ಗಣಿ ಮುಚ್ಚಿದ ವರ್ಷವೂ ಅದು ನಿಂತಿರಲಿಲ್ಲ, ಹೊಳೆ ಉಕ್ಕಿ ಗೋದಾಮಿನಲ್ಲಿ ಸೊಂಟದವರೆಗೆ ನೀರು ನಿಂತ ವರ್ಷವೂ ನಿಂತಿರಲಿಲ್ಲ. ಈಗ ಟಿವಿಯಲ್ಲಿ ಬರುವ ದೊಡ್ಡ ಕುಸ್ತಿ ಕಂಪನಿಯೊಂದು ಇದೇ ದಿನ ಹತ್ತಿರದ ನಗರದಲ್ಲಿ ಆಟ ಇಟ್ಟಿತ್ತು. ಇವತ್ತು ಗೋದಾಮು ತುಂಬದಿದ್ದರೆ ರಿಂಗನ್ನು ಅವರಿಗೇ ಮಾರಿಬಿಡುವುದೆಂದು ಅರ್ಲೀನ್ ನಿರ್ಧರಿಸಿದ್ದಳು.

"ಕೆಟ್ಟೋನು ಕ್ಷಮೆ ಕೇಳ್ದ ಅಂತ ಊರಿಗೆ ಗೊತ್ತಾದ್ರೆ ಜನ ಯಾರನ್ನ ಬಯ್ಯಕ್ಕೆ ಬರ್ತಾರೋ? ಅವರು ಬರೋದು ಜೆಸ್ ಗೆಲ್ಲೋದು ನೋಡಕ್ಕಲ್ಲ ಕಣೋ. ನೀನು ಒದೆ ತಿನ್ನೋದು ನೋಡಕ್ಕೆ."

"ನಮ್ಮಮ್ಮ ಇದ್ದಿದ್ರೆ ಇವತ್ತು ನನ್ನ ಕಿವಿ ಹಿಂಡಿರೋಳು."

"ಹಿಂಡಿಸ್ಕೊಳ್ಳೋದೇ ನಿನ್ನ ಕೆಲಸ. ಬೂಟು ಹಾಕ್ಕೋ."

ಆಟ ಶುರುವಾಗುವ ಹೊತ್ತಿಗೆ ಬೆಂಚುಗಳು ಸಾಲದೆ, ತಂಬಾಕಿನ ಬುಟ್ಟಿಗಳನ್ನು ಬೋರಲು ಹಾಕಿ ಜನರನ್ನು ಕೂರಿಸಬೇಕಾಯಿತು. ಕುಸ್ತಿಯೆಂದರೆ ಮೂಗು ಮುರಿಯುತ್ತಿದ್ದ ಚರ್ಚಿನ ಹಾಡುಗಾರ್ತಿಯರೂ ಸಾಲಾಗಿ ಬಂದಿದ್ದರು. ಮುಂದಿನ ಸಾಲಿನ ನಡುವೆ, ಭಾನುವಾರದ ಟೋಪಿ ಹಾಕಿಕೊಂಡು, ತೊಡೆಯ ಮೇಲೆ ಕಪ್ಪು ಕೈಚೀಲ ಇಟ್ಟುಕೊಂಡು ಓಪಲ್ ಅಜ್ಜಿ ಕೂತಿದ್ದಳು.

ಕೊನೆಗೆ ಜೆಸ್ ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಡೆಲ್ಬರ್ಟ್ ಅವನ ಕಣ್ಣಿಗೆ ಬೆರಳು ಹಾಕಿದ, ಕೂದಲು ಎಳೆದ, ರೆಫರಿಯ ಬೆನ್ನ ಹಿಂದೆ ಮಾಡಬಾರದ್ದನ್ನೆಲ್ಲ ಮಾಡಿದ. ಜೆಸ್ ಕುಸಿದು ಬಿದ್ದಾಗ ಓಪಲ್ ಅಜ್ಜಿ ಎದ್ದಳು. ಊರುಗೋಲು ಊರುತ್ತ ನೇರ ರಿಂಗಿನ ಬಳಿಗೇ ಬಂದಳು. ತಡೆಯಲು ಓಡಿಬಂದ ಕಾವಲಿನವನಿಗೆ ಡೆಲ್ಬರ್ಟ್ ಕಣ್ಣಲ್ಲೇ ಬೇಡವೆಂದ.

"ಏನ್ ಮುದುಕಿ, ನಿಂಗೂ ಎರಡು ಬೇಕಾ?" ಎಂದು ಗದರುತ್ತ ಅವನು ಹಗ್ಗಗಳ ನಡುವೆ ತಲೆ ಹೊರಗೆ ಚಾಚಿದ. ಅವಳ ಕೈ ಭುಜಕ್ಕಿಂತ ಮೇಲೆ ಏಳದೆಂದು ಗಮನಿಸಿ, ಇನ್ನೂ ಒಂದು ಗೇಣು ಬಗ್ಗಿದ. ಎಂಥ ಏಟು ಬಂದರೂ ಕತ್ತನ್ನು ಒಂದಿಷ್ಟು ಹೊರಳಿಸಿ ಅದರ ಬಲ ಕಳೆಯುವುದು ಅವನಿಗೆ ರೆಪ್ಪೆ ಮಿಟುಕಿಸಿದಷ್ಟು ಸಲೀಸು. ಈ ಸಲ ಕತ್ತನ್ನು ಹೊರಳಿಸಲಿಲ್ಲ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

ಕೈಚೀಲ ಬಂತು. ಒಳಗೇನಿತ್ತೋ, ಇಟ್ಟಿಗೆಯಷ್ಟು ಭಾರವಿತ್ತು. ಕಣ್ಣ ಮುಂದೆ ನಿಜವಾಗಿಯೂ ನಕ್ಷತ್ರಗಳು ಮೂಡಿದವು. ಡೆಲ್ಬರ್ಟ್ ಹಿಂದಕ್ಕೆ ತೂರಾಡಿದ, ರಿಂಗಿನ ತುಂಬ ಗಿರಗಿರನೆ ಸುತ್ತಿದ, ಹಗ್ಗಕ್ಕೆ ಬಡಿದು ಮೇಲಿಂದ ಉರುಳಿ ಅವಳ ಕಾಲ ಬಳಿ ಧೊಪ್ಪೆಂದು ಬಿದ್ದ. ಆರಡಿಯ ಚಾಂಪಿಯನ್ನುಗಳ ಏಟಿಗೂ ಅವನು ಹೀಗೆ ಬಿದ್ದಿರಲಿಲ್ಲ. ನೆಲದ ಹಲಗೆಗಳ ಸಂದಿಯಿಂದ ಹಳೆಯ ತಂಬಾಕಿನ ಧೂಳು ಎದ್ದಿತು.

ಗೋದಾಮಿನ ತಗಡಿನ ಮಾಡು ಹಾರಿಹೋಗುವಂಥ ಕೂಗು. ರೆಫರಿ ಎಣಿಸತೊಡಗಿದ, ಊರೆಲ್ಲ ಅವನ ಜೊತೆ ಎಣಿಸಿತು. ಹತ್ತು ಎಂದದ್ದೇ ಜೆಸ್ ತನ್ನ ಗೆಲುವನ್ನು ಬಿಟ್ಟುಕೊಟ್ಟು, ಕೆಳಗಿಳಿದು ಬಂದು ಅಜ್ಜಿಯ ಕೈ ಹಿಡಿದು, ಅದು ಏಳುವಷ್ಟು ಎತ್ತಿದ. "ಓ-ಪಲ್! ಓ-ಪಲ್!" ಎಂದು ಜನ ಬುಟ್ಟಿಗಳ ಮೇಲೆ ಹತ್ತಿ ಕುಣಿದರು. ಪರದೆಯ ಹಿಂದಿನಿಂದ ಓಡಿಬಂದ ಅರ್ಲೀನ್ ಮೈಕು ಕಿತ್ತುಕೊಂಡು, ಅಳುತ್ತಲೋ ನಗುತ್ತಲೋ, "ಮುಂದಿನ ಶನಿವಾರವೂ ಇಲ್ಲೇ! ಅದರ ಮುಂದಿನ ಶನಿವಾರವೂ ಇಲ್ಲೇ!" ಎಂದು ಕಿರುಚಿದಳು.

ಆ ಗದ್ದಲದಲ್ಲಿ ಓಪಲ್ ಅಜ್ಜಿ ಊರುಗೋಲಿನ ಮೇಲೆ ಭಾರ ಹಾಕಿ, ಬಿದ್ದವನನ್ನು ಇನ್ನಷ್ಟು ಹೀಯಾಳಿಸುವವಳಂತೆ ಬಗ್ಗಿದಳು. ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡೇ, ತುಟಿ ಅಲುಗದಂತೆ, "ಅಜ್ಜೀ, ಬೆಳಿಗ್ಗೆ ನಾನು ಹಂಗೆ..." ಎಂದು ಶುರುಮಾಡಿದ.

"ಶ್! ಬಾಯಿ ಮುಚ್ಕೊಂಡು ಬಿದ್ದಿರೋ" ಅಂದಳು ಅಜ್ಜಿ, ಇನ್ನೂ ಬಗ್ಗಿ, ಅವನಿಗಷ್ಟೇ ಕೇಳುವ ದನಿಯಲ್ಲಿ. "ಜನ ಇನ್ನೂ ಚಪ್ಪಾಳೆ ಹೊಡೀತಿದಾರೆ."