ಬರೀ ಅಕ್ಷರದ ಅರ್ಜಿ

ಪ್ರಿಂಟರಿನಲ್ಲಿ ಉಳಿದಿದ್ದ ಹಾಳೆಯನ್ನು ಪವಿತ್ರ ಸುಮ್ಮನೆ ಎತ್ತಿಕೊಂಡಳು. ಎರಡು ಸಾಲು ಓದುವಷ್ಟರಲ್ಲಿ ಮೈ ಉರಿಯತೊಡಗಿತು.

‘ಡೇರಿಯ ಪರೀಕ್ಷಾ ಕೊಠಡಿಯಲ್ಲಿ ಆರು ವರ್ಷ. ಕೊಬ್ಬಿನಂಶ, ಕಲಬೆರಕೆ ಪರೀಕ್ಷೆ. ಹೊಸಬರಿಗೆ ತರಬೇತಿ ಕೊಟ್ಟ ಅನುಭವ.’

ಆ ಆರು ವರ್ಷ ಪವಿತ್ರಳದು. ಶ್ರೀರಂಗಪಟ್ಟಣದ ಖಾಸಗಿ ಡೇರಿಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಸವೆಸಿದ ಆರು ವರ್ಷ. ಕೈಯಲ್ಲಿದ್ದದ್ದು ಎರಡನೇ ಪುಟ. ಮೊದಲನೆಯದು ಎಲ್ಲೂ ಕಾಣಲಿಲ್ಲ. ಆದರೆ ಪುಟದ ತುದಿಯಲ್ಲಿ ಮೇಲ್ ಕಳಿಸಿದವರ ವಿಳಾಸವಿತ್ತು. ಅದು ರಂಜಿತಳದು. ಹೋಗಿದ್ದು ಬೆಳ್ಳೂರಿನ ಹೊಸ ಹಾಲಿನ ಕಾರ್ಖಾನೆಗೆ, ಇವತ್ತೇ ಬೆಳಿಗ್ಗೆ.

ರಂಜಿತ ಅವಳ ನಾದಿನಿ. ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರಿನ ಈ ಕಂಪ್ಯೂಟರ್ ಅಂಗಡಿ ಅವಳದೇ. ಓದಿದ್ದೂ ಅತ್ತಿಗೆ ಓದಿದ ಬಿ.ಎಸ್ಸಿಯನ್ನೇ. “ಅಂಗ್ಡಿ ನೋಡ್ಕಳತ್ಗೆ, ಬಂದು ಒಂದು ಸಮಾಚಾರ ಹೇಳ್ತೀನಿ,” ಎಂದು, ಡೇರಿಯ ಪಾಳಿ ಮುಗಿಸಿ ಬಂದ ಪವಿತ್ರಳನ್ನು ಕೂರಿಸಿ, ನಗುತ್ತ ಈಗಷ್ಟೇ ಹೊರಗೆ ಹೋಗಿದ್ದಳು.

ಬೆಳ್ಳೂರಿನಲ್ಲಿ ಖಾಲಿ ಇದ್ದದ್ದು ಒಂದೇ ಹುದ್ದೆ, ಅದೂ ಕಾಯಂ. ಇತ್ತ ಡೇರಿಯವರು ಈ ತಿಂಗಳಿಗೆ ಗುತ್ತಿಗೆ ಮುಗಿಯಿತು ಎಂದುಬಿಟ್ಟಿದ್ದರು. ಈ ಕೆಲಸ ತಪ್ಪಿದರೆ ಪವಿತ್ರ ಮನೆಯಲ್ಲಿ ಕೂರುವುದೇ ಗತಿ.

ಹೋದ ವಾರ ಇದೇ ಕುರ್ಚಿಯಲ್ಲಿ ಕೂತು ಆ ಹುದ್ದೆಗೆ ಅರ್ಜಿ ತಯಾರಿಸಿ ಕಳಿಸಿದ್ದಳು. ರೇಷ್ಮೆ ಸೀರೆಯ ಫೋಟೊ, ಸುತ್ತ ಬಳ್ಳಿಯ ಅಂಚು, ಮೂರು ಬಣ್ಣ, ಎಲ್ಲಿಂದಲೋ ಹುಡುಕಿ ತಂದ ಚೆಂದದ ಫಾಂಟು. ಮದುವೆಯ ಕರೆಯೋಲೆಗೂ ಅಷ್ಟು ಸಿಂಗಾರ ಇರುವುದಿಲ್ಲ. ಡೇರಿಯೊಳಗೆ ಫೋನು ಬಿಡುವುದಿಲ್ಲವೆಂದು ಅಂಗಡಿಯ ನಂಬರನ್ನೇ ಕೊಟ್ಟಿದ್ದಳು. ರಂಜಿತ ನೋಡಿ ಮೂಗು ಮುರಿದಿದ್ದಳು.

“ಇದೆಲ್ಲಾ ಯಾಕತ್ಗೆ? ಬರೀ ಅಕ್ಷರ ಹೊಡ್ದು ಕಳ್ಸು, ಸಾಕು.”

“ನಂದು ಚೆಂದಾಗಿ ಕಂಡ್ರೆ ನಿಂಗೇನು ನಷ್ಟ?”

“ನಂಗೇನು ನಷ್ಟ ಬುಡು,” ಎಂದು ನಕ್ಕ ರಂಜಿತ, ಆಮೇಲೆ ಮೆಲ್ಲಗೆ ಕೇಳಿದ್ದಳು: “ಅಲ್ಲಿ ಒಬ್ರುನ್ನೇ ತಗೋಳದಾ?”

ಆ ಮಾತಿನ ಒಳಗುಟ್ಟು ಈಗ ತಿಳಿಯಿತು. ಈ ಹಾಳೆಯಲ್ಲಿ ಫೋಟೊ ಇಲ್ಲ, ಅಂಚಿಲ್ಲ, ಬಣ್ಣವಿಲ್ಲ, ಬೋಳು ಅಕ್ಷರ. ನನ್ನ ದುಡಿಮೆಯನ್ನೆಲ್ಲ ಎತ್ತಿ ತನ್ನ ಹೆಸರಿನ ಕೆಳಗೆ ಇಟ್ಟುಕೊಂಡಳಲ್ಲ! ಇವಳ ಬಾಣಂತನದಲ್ಲಿ ನೀರು ಕಾಯಿಸಿ ಹಾಕಿದ್ದು ಈ ಕೈ. ಪವಿತ್ರಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

ಕಾರ್ಖಾನೆಯ ನಂಬರು ಜಾಹೀರಾತಿನಲ್ಲಿತ್ತು. ಫೋನು ಮಾಡಿಯೇಬಿಟ್ಟಳು. ಆ ಕಡೆ ಗಂಡಸೊಬ್ಬ ಎತ್ತಿಕೊಂಡ.

“ನಿಮ್ಗೆ ಬಂದಿರೋ ಒಂದು ಅರ್ಜಿ ಸುಳ್ಳು ಸಾರ್. ಅದ್ರಲ್ಲಿರೋ ಅನುಭವ ಕಳ್ಸಿದೋರ್ದಲ್ಲ. ಕದ್ದವ್ರೆ.”

“ಯಾರ ಅರ್ಜಿ? ಹೆಸರು ಹೇಳಿ.”

ಪವಿತ್ರ ತಡೆದಳು. ಎಷ್ಟೇ ಆಗಲಿ, ಮನೆಯ ಹೆಣ್ಣುಮಗಳು. ಅವಳ ಹೆಸರನ್ನು ಹೊರಗಿನವರ ಬಾಯಿಗೆ ಹಾಕಲು ಮನಸ್ಸು ಬರಲಿಲ್ಲ.

“ಹೆಸ್ರು ಬ್ಯಾಡ ಸಾರ್. ಮೇಲ್ ವಿಳಾಸ ಹೇಳ್ತೀನಿ, ನೋಡ್ಕಳಿ.” ಹಾಳೆ ನೋಡಿಕೊಂಡು ಒಂದೊಂದೇ ಅಕ್ಷರ ಓದಿದಳು.

“ಇದಾ? ಛೆ, ಒಳ್ಳೇ ಅರ್ಜಿ ಅಂದ್ಕೊಂಡಿದ್ವಿ. ಖಾತ್ರಿಯಾಗಿ ಹೇಳ್ತಿದೀರಾ?”

“ನನ್ ಮಗಳಾಣೆಗೂ ಸಾರ್.”

“ಆಯ್ತಮ್ಮ, ತೆಗೆದ್ಬಿಡ್ತೀವಿ. ಈಗ್ಲೇ ಪಟ್ಟಿ ಸಾಹೇಬ್ರಿಗೆ ಹೋಗೋದ್ರಲ್ಲಿತ್ತು.”

ಎದೆಯ ಮೇಲಿನ ಭಾರ ಇಳಿದಂತಾಯಿತು. ಪವಿತ್ರ ಮುಖ ತೊಳೆದುಕೊಂಡು ಬಂದು ಕೂತಳು. ತನಗೆ ಅಡ್ಡ ಬರುವವರು ಇನ್ನು ಯಾರೂ ಇಲ್ಲವೆಂಬ ಆಸೆಯೂ ಹುಟ್ಟಿತು.

ಸ್ವಲ್ಪ ಹೊತ್ತಿಗೆ ರಂಜಿತ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೈಸೂರುಪಾಕಿನ ಪೊಟ್ಟಣ. ಕಣ್ಣು ಕೆಂಪಾಗಿದ್ದವು. ಕೆಲಸ ಸಿಕ್ಕೇಬಿಟ್ಟಿತೆಂದು ಸಿಹಿ ಬೇರೆ ತಂದಿದ್ದಾಳೆ, ಅನುಭವಿಸಲಿ, ಅಂದುಕೊಂಡಳು ಪವಿತ್ರ.

“ಕಾರ್ಖಾನೆಗೆ ಫೋನ್ ಮಾಡಿದ್ದೆ ಅತ್ಗೆ. ಯಾವಳೋ ಚಾಡಿ ಹೇಳಿ ಅರ್ಜಿ ತೆಗೆಸ್ಬುಟ್ಟವ್ಳೆ. ಪಟ್ಟಿನೂ ಸಾಹೇಬ್ರತ್ರ ಹೊಂಟೋಯ್ತಂತೆ, ಇನ್ನೇನೂ ಮಾಡಕಾಗಕಿಲ್ವಂತೆ.”

“ಅವಳ್ಗೆ ಎಷ್ಟು ಹೊಟ್ಟೆ ಉರ್ದಿತ್ತೋ ಏನೋ,” ಎಂದಳು ಪವಿತ್ರ, ಕಣ್ಣು ತಪ್ಪಿಸದೆ.

ರಂಜಿತ ಬಿಕ್ಕಿದಳು. “ನಂದೇ ತಪ್ಪು. ನೀನು ಕಳ್ಸಿದ್ ಫೈಲಲ್ಲಿ ಅಕ್ಷರನೇ ಕಾಣಕಿಲ್ಲ, ಚೌಕ ಚೌಕ ಬತ್ತವೆ ಅಂತ ಬೆಳಿಗ್ಗೆ ಅವ್ರೇ ಅಂಗ್ಡಿಗೆ ಫೋನ್ ಮಾಡಿದ್ರು. ಮಧ್ಯಾಹ್ನದೊಳ್ಗೆ ಬರೀ ಅಕ್ಷರದಲ್ಲಿ ಕಳ್ಸಿ ಅಂದ್ರು. ನೀನು ಡೇರಿಲಿದ್ದೆ, ಫೋನಿಗೆ ಸಿಗ್ಲಿಲ್ಲ. ನಾನೇ ಕೂತು ಹೊಡ್ದು, ನನ್ ಮೇಲ್ ವಿಳಾಸದಿಂದ ಕಳ್ಸಿದ್ದೆ.”

ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು.

“ಪಟ್ಟೀಲಿ ನಿನ್ ಹೆಸ್ರೇ ಮೊದ್ಲಿತ್ತಂತೆ ಅತ್ಗೆ.”